ಗುಡ್ಡದ ದೀಪದ ಸಮೀಕರಣ

ಮಾವಳ್ಳಿ
೧೨ ಜೂನ್ ೧೯೬೩

ಹೆಗಡೆ ಮಾಸ್ತರಿಗೆ ನರ್ಮದೆಯ ನಮಸ್ಕಾರ.

ಯಾವ ನರ್ಮದೆ ಎಂದು ಕೇಳಬೇಡಿ. ನೀವು ಮಾವಳ್ಳಿ ಶಾಲೆಯಲ್ಲಿದ್ದಾಗ ಕಿಟಕಿಯ ಪಕ್ಕ ಕೂತು ಕರಿಹಲಗೆಗಿಂತ ಕಡಲನ್ನೇ ಹೆಚ್ಚು ನೋಡುತ್ತಿದ್ದಳಲ್ಲ, ದೋಣಿ ನಡೆಸುತ್ತಿದ್ದ ಕುಪ್ಪ ತಾಂಡೇಲನ ಮಗಳು, ಅವಳೇ. ನಿಮ್ಮ ಕುಮಟೆಯ ವಿಳಾಸವನ್ನು ಅಂಚೆಯವರಿಂದ ಕಾಡಿಬೇಡಿ ಪಡೆದೆ.

ನಾನು ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಿದ್ದೇನೆ. ಗಣಿತ ಒಂದರಲ್ಲೇ. ಬರುವ ಮಾರ್ಚಿಗೆ ಮತ್ತೆ ಕೂರುತ್ತೇನೆ. ಪಾಸಾದರೆ ಟ್ರೇನಿಂಗ್ ಮುಗಿಸಿ ಎಲ್ಲಾದರೂ ಶಾಲೆಯಲ್ಲಿ ಅಕ್ಕೋರಾಗಬಹುದು. ಆದರೆ ಸರಳರೇಖೆಯ ಸಮೀಕರಣ ಎಂಬುದು ಬಂದರೆ ನನ್ನ ತಲೆ ನಿಲ್ಲುತ್ತದೆ. ಗೆರೆ ಎಳೆ ಎಂದರೆ ಎಳೆದೇನು. ಗೆರೆಯನ್ನು ಅಕ್ಷರದಲ್ಲಿ ಬರೆ ಎಂದರೆ ಎಂತ ಮಾಡುವುದು? ಪತ್ರದಲ್ಲೇ ಕಲಿಸಿದರೆ ಉಪಕಾರ.

ಮನೆಯ ಸುದ್ದಿ ನಿಮಗೆ ಗೊತ್ತಿದ್ದದ್ದೇ. ಅಪ್ಪ ಹೋಗಿ ಈ ಕಾರ್ತಿಕಕ್ಕೆ ಐದು ವರ್ಷ. ಅವನು ಕುಡಿದು ಚುಕ್ಕಾಣಿ ಹಿಡಿದ, ದೋಣಿಯನ್ನು ಬಂಡೆಗೆ ಒಯ್ದ, ತನ್ನ ಜೊತೆ ಇಬ್ಬರನ್ನು ಮುಳುಗಿಸಿದ ಎಂಬ ಮಾತು ಕೇರಿಯಲ್ಲಿ ಇನ್ನೂ ಹಸಿಯಾಗಿಯೇ ಇದೆ. ಆ ಇಬ್ಬರಲ್ಲಿ ಒಬ್ಬ ಗಣಪಿಯ ಗಂಡ. ಅವ್ವ ಪೇಟೆಯಲ್ಲಿ ಮೀನುಬುಟ್ಟಿ ಇಳಿಸಿದರೆ ಗಣಪಿ ತನ್ನ ಬುಟ್ಟಿ ಎತ್ತಿಕೊಂಡು ಆಚೆ ಹೋಗುತ್ತಾಳೆ. ತಮ್ಮ ರಾಮನಿಗೆ ಇಪ್ಪತ್ತಾಯಿತು, ಯಾವ ದೋಣಿಯವರೂ ಜಾಗ ಕೊಡುವುದಿಲ್ಲ. ಅಪ್ಪ ಕುಡಿಯುತ್ತಿದ್ದ, ಸುಳ್ಳಲ್ಲ. ಆದರೆ ದೋಣಿ ಹತ್ತುವ ದಿನ ಬಾಯಿಗೆ ಹನಿ ಸೋಕಿಸಿದವನಲ್ಲ. ನಾವು ಹೇಳಿದರೆ ಕೇಳುವವರು ಯಾರು? ಉಳಿದಿಬ್ಬರ ಹೆಣವಾದರೂ ದಡಕ್ಕೆ ಬಂತು. ಅಪ್ಪನದು ಅದೂ ಬರಲಿಲ್ಲ.

ಉತ್ತರ ಕಾಯುತ್ತಿರುವ,
ನರ್ಮದಾ ಕುಪ್ಪ ಮೊಗೇರ


ಕುಮಟಾ
೨೦ ಜೂನ್ ೧೯೬೩

ನರ್ಮದಾ,

ನಿನ್ನನ್ನು ಮರೆಯುವುದುಂಟೇ ಮಾರಾಯ್ತಿ? ಏಳನೆಯ ಇಯತ್ತೆಯಲ್ಲಿ ಭಾಗಾಕಾರದ ಉತ್ತರಕ್ಕೆ ಬದಲು ಬಂಗಡೆ ಮೀನಿನ ಚಿತ್ರ ಬರೆದು ತೋರಿಸಿದವಳು ನೀನೊಬ್ಬಳೇ. ಅದು ಚೆನ್ನಾಗಿಯೇ ಇತ್ತು, ಆಗ ಹೇಳಲಿಲ್ಲ.

ಈಗ ಗೆರೆಯ ವಿಷಯ. ಗೆರೆ ಬಹಳ ಹಟಮಾರಿ. ಎರಡು ಬಿಂದು ಕೊಟ್ಟೆಯೋ, ಮುಗಿಯಿತು. ಆಮೇಲೆ ನೀನು ಅತ್ತರೂ ಕರೆದರೂ ಅದು ತನ್ನ ದಾರಿಯನ್ನು ಬಿಡುವುದಿಲ್ಲ. ಆ ಹಟವನ್ನು ಒಂದು ಸಾಲಿನಲ್ಲಿ ಬರೆಯುವುದೇ ಸಮೀಕರಣ. ಪುಸ್ತಕದ ಉದಾಹರಣೆ ಬಿಡು. ನಿನ್ನ ಕಣ್ಣೆದುರಿನ ಎರಡು ವಸ್ತು ಹಿಡಿ. ಒಂದನ್ನು ಸೊನ್ನೆ ಮಾಡು. ಅಲ್ಲಿ ನಿಂತು ಎದುರಿಗೆ ಅಳೆದದ್ದು ಕ್ಷ, ಬಲಕ್ಕೆ ಅಳೆದದ್ದು ಯ. ಹಿಂದಕ್ಕೆ ಅಥವಾ ಎಡಕ್ಕೆ ಹೋದರೆ ಋಣ. ಎರಡನೆಯ ವಸ್ತುವಿನ ಯ ಅನ್ನು ಅದರ ಕ್ಷ ದಿಂದ ಭಾಗಿಸು. ಬಂದದ್ದು ಗೆರೆಯ ಓರೆ. ಗೆರೆ ಸೊನ್ನೆಯ ಮೂಲಕವೇ ಹಾಯುವುದರಿಂದ ಕೂಡಿಸಲು ಬೇರೇನೂ ಇಲ್ಲ. ಯ ಎಂದರೆ ಓರೆಯನ್ನು ಕ್ಷ ದಿಂದ ಗುಣಿಸಿದಷ್ಟು. ಇಷ್ಟೇ. ನಂತರ ಯಾವ ಕ್ಷ ಹಾಕಿದರೂ ಗೆರೆ ಅಲ್ಲಿ ಎಲ್ಲಿರುತ್ತದೆ ಎಂದು ಯ ತಾನೇ ಹೇಳುತ್ತದೆ.

ಒಂದು ಗೆರೆ ಅಳೆದು ಬರೆದು ಕಳಿಸು.

ನಿನ್ನ ಅಪ್ಪನ ವಿಷಯ ಓದಿದೆ. ಅದಕ್ಕೆ ನಾನು ಎಂತ ಬರೆಯಲಿ. ನೀನು ಓದು.

ಆಶೀರ್ವಾದಗಳೊಂದಿಗೆ,
ಮಹಾಗಣಪತಿ ಹೆಗಡೆ


ಮಾವಳ್ಳಿ
೧೫ ಸೆಪ್ಟೆಂಬರ್ ೧೯೬೩

ಮಾಸ್ತರೇ,

ಮಳೆ ಬಿಡದೆ ಅಳೆಯಲು ಆಗಲಿಲ್ಲ, ಅದಕ್ಕೇ ತಡ. ನಮ್ಮ ಕೇರಿಯಲ್ಲಿ ಹುಟ್ಟಿದವರಿಗೆ ಎರಡು ವಸ್ತು ಎಂದರೆ ಬೇರೆ ಯಾವುದಿದ್ದೀತು? ಕಡಲ ದಂಡೆಯ ಜಟಕನ ಗುಡಿಯ ದೀಪ, ಅದರ ಹಿಂದೆ ಗುಡ್ಡದ ಮೇಲೆ ನೀವಿದ್ದ ಮನೆಯ ಆಕಾಶದೀಪ. ಉಳಿದ ತಿಂಗಳು ನಮ್ಮವರು ಬೆಳಕಿರುವಾಗಲೇ ದಡಕ್ಕೆ ಬರುತ್ತಾರೆ. ಕಾರ್ತಿಕದಲ್ಲಿ ಮಾತ್ರ ನಿಮ್ಮ ದೀಪದ ಧೈರ್ಯಕ್ಕೆ ಮುಸ್ಸಂಜೆಯವರೆಗೂ ಕಡಲಲ್ಲಿರುತ್ತಿದ್ದರು. ಜಟಕನ ನೆತ್ತಿಯ ಮೇಲೆ ಗುಡ್ಡದ ದೀಪ ನಿಂತರೆ ದಾರಿ ಸರಿ, ಪಕ್ಕಕ್ಕೆ ಸರಿದರೆ ಬಂಡೆ. ನಿಮ್ಮ ತಾಯಿ ಪಿತೃಗಳಿಗೆಂದು ಏರಿಸಿದ ದೀಪದಲ್ಲಿ ಬದುಕಿದ್ದ ನಮ್ಮವರು ಮನೆಗೆ ಬರುತ್ತಿದ್ದರು. ನಿಮಗೆ ಇದು ಗೊತ್ತಿತ್ತೋ ಇಲ್ಲವೋ.

ಆ ಮನೆಯ ಮಾಡು ಕುಸಿದಿದೆ, ಈಗ ಯಾರೂ ಇಲ್ಲ. ಅಂಗಳದಲ್ಲಿ ದೀಪದ ಕಂಬ ನೆಟ್ಟಿದ್ದ ಗುಂಡಿ, ಸುತ್ತಲಿನ ಕಲ್ಲು ಹಾಗೇ ಇವೆ. ಅಪ್ಪ ಹೊಸೆದ ಹಗ್ಗಕ್ಕೆ ಮಾರಿಗೊಂದು ಗಂಟು ಹಾಕಿ ಅಳೆದೆ. (ಮಾರು ಎಂದರೆ ಎರಡೂ ಕೈ ಚಾಚಿದಷ್ಟು, ಗಜ ಬೇಕಾದರೆ ನೀವೇ ಮಾಡಿಕೊಳ್ಳಿ.) ಅಪ್ಪ ಎಡಗೈಯವ. ಹಗ್ಗ, ದಾರ ಎಲ್ಲವನ್ನೂ ಎಡಮುರಿಯಾಗಿ ಹೊಸೆಯುತ್ತಿದ್ದ. ಕೇರಿಯಲ್ಲಿ ಹಾಗೆ ಹೊಸೆಯುವವನು ಅವನೊಬ್ಬನೇ. ಇವನ ಹಗ್ಗ ನಮ್ಮ ಹಗ್ಗಕ್ಕೆ ಕೂಡುವುದಿಲ್ಲ ಎಂದು ಎಲ್ಲರೂ ಬೈಯುತ್ತಿದ್ದರು.

ಜಟಕನನ್ನು ಸೊನ್ನೆ ಮಾಡಿ ಕಡಲಿಗೆ ಮುಖ ಮಾಡಿ ನಿಂತೆ. ಕಂಬದ ಗುಂಡಿ ಐವತ್ತು ಮಾರು ಹಿಂದೆ, ಹದಿನೈದು ಮಾರು ಎಡಕ್ಕೆ. ಎರಡೂ ಋಣ, ಭಾಗಿಸಿದರೆ ಋಣ ಹೋಗಿ ೩/೧೦ ಉಳಿಯಿತು.

ಯ = (೩/೧೦) ಕ್ಷ

ಸರಿಯಿದೆಯೋ ಎಂದು ನೋಡಲು ರಾಮನನ್ನು ಸಣ್ಣ ಪಾತಿ ದೋಣಿಯಲ್ಲಿ ಕಳಿಸಿ ಬಂಡೆಯನ್ನೂ ಅಳೆಸಿದೆ. ಜಟಕನಿಂದ ಎದುರಿಗೆ ಇನ್ನೂರು ಮಾರು, ಬಲಕ್ಕೆ ಅರವತ್ತು. ಸಮೀಕರಣದಲ್ಲಿ ಕ್ಷ ಇದ್ದಲ್ಲಿ ಇನ್ನೂರು ಹಾಕಿದೆ. ಅರವತ್ತು ಬಂತು, ಮಾಸ್ತರೇ. ಬಂಡೆಯನ್ನು ತಪ್ಪಿಸಬೇಕಾದ ಗೆರೆ ಬಂಡೆಯ ಮೇಲೇ ಹೋಗಿ ನಿಲ್ಲುತ್ತದೆ. ಮೂರು ಸಲ ಮಾಡಿದೆ. ಎಲ್ಲಿ ತಪ್ಪಿದ್ದೇನೆ?

ನಿಮ್ಮ ವಿದ್ಯಾರ್ಥಿನಿ,
ನರ್ಮದಾ


ಕುಮಟಾ
೨೪ ಸೆಪ್ಟೆಂಬರ್ ೧೯೬೩

ನರ್ಮದಾ,

ಸಮೀಕರಣ ಬರೆದ ರೀತಿ ಸರಿ. ಅಳತೆ ತಪ್ಪು. ನೀರಿನ ಮೇಲೆ ಹಗ್ಗ ಹಿಡಿದು ಅಳೆದದ್ದನ್ನು ನಂಬಲಾಗದು.

ಇನ್ನು ಪುಸ್ತಕದ ಲೆಕ್ಕಗಳನ್ನೇ ಮಾಡು. ಆ ಅಂಗಳಕ್ಕೆ ಹೋಗಬೇಡ. ಮಾಡು ಕುಸಿದ ಮನೆ, ಹಾವು ಸೇರಿರುತ್ತದೆ.

ಮ. ಹೆಗಡೆ


ಮಾವಳ್ಳಿ
೨೪ ಅಕ್ಟೋಬರ್ ೧೯೬೩

ಮಾಸ್ತರೇ,

ಪುಸ್ತಕದ ಲೆಕ್ಕ ಹನ್ನೆರಡು ಮಾಡಿದ್ದೇನೆ, ಬೇರೆ ಕಾಗದದಲ್ಲಿದೆ. ಈ ಪತ್ರ ಅದಕ್ಕಲ್ಲ.

ಕಾರ್ತಿಕ ಹುಟ್ಟಿ ಏಳು ದಿನವಾಯಿತು. ಸೋಮವಾರ ದುರ್ಗಪ್ಪ ತಾಂಡೇಲನ ದೋಣಿ ಸೂರ್ಯ ಮುಳುಗಿದ ಮೇಲೆ ಬಂತು. ಇಷ್ಟು ಹೊತ್ತಾದರೂ ಬಂಡೆ ಹೇಗೆ ತಪ್ಪಿಸಿದಿರಿ ಎಂದು ಕೇಳಿದೆ. ಅವನು ಬಲೆ ಇಳಿಸುತ್ತಾ, ನನ್ನ ಮುಖ ಸಹ ನೋಡದೆ ಹೇಳಿದ: "ಎಂತ ಕೇಳ್ತೆ ಹೆಣೆ? ಗುಡ್ಡದ ದೀಪ ಇತ್ತು, ಬಂದ್ವಿ. ಆತು."

ಗುಡ್ಡದಲ್ಲಿ ಯಾರಿದ್ದಾರೆ ದೀಪ ಹಚ್ಚಲು? ಕೂಡಲೇ ಓಡಿ ಹತ್ತಿ ನೋಡಿದೆ. ಕಂಬವೂ ಇಲ್ಲ, ದೀಪವೂ ಇಲ್ಲ. ದಂಡೆಯಲ್ಲಿ ನಿಂತು ನೋಡಿದರೂ ಏನೂ ಇಲ್ಲ. ಆದರೆ ಮಂಗಳವಾರ, ಬುಧವಾರ ಬೇರೆ ಎರಡು ದೋಣಿಯವರೂ ಅದನ್ನೇ ಹೇಳಿದರು. ಕಡಲಿನಿಂದ ಕಾಣುತ್ತದಂತೆ. ಯಾರೋ ಪುಣ್ಯಾತ್ಮರು ಹಚ್ಚುತ್ತಿದ್ದಾರೆ ಎಂದುಕೊಂಡು ಸುಮ್ಮನಿದ್ದಾರೆ.

ನನಗೆ ಸುಮ್ಮನಿರಲು ಆಗಲಿಲ್ಲ. ಎಲ್ಲಿ ಹಾದು ಬಂದಿರಿ ಎಂದು ಮೂವರನ್ನೂ ಬೇರೆಬೇರೆಯಾಗಿ ಕೇಳಿದೆ. ಮೂವರದೂ ಒಂದೇ ಉತ್ತರ: ಬಂಡೆಯಿಂದ ತೆಂಕಕ್ಕೆ ಇಪ್ಪತ್ತು ಮಾರು. ಅಂದರೆ ಕ್ಷ ಇನ್ನೂರು ಇದ್ದಲ್ಲಿ ಯ ನಲವತ್ತು. ಇನ್ನೊಂದು ಬಿಂದು ಜಟಕ. ನೀವು ಕಲಿಸಿದಂತೆ ಬರೆದೆ.

ಯ = (೧/೫) ಕ್ಷ

ಗೆರೆಯನ್ನು ಹಿಂದಕ್ಕೆ, ಗುಡ್ಡದ ಕಡೆ ಒಯ್ದೆ. ಐವತ್ತು ಮಾರು ಹಿಂದೆ ಹೋದರೆ ಅದು ಎಡಕ್ಕೆ ಹತ್ತು ಮಾರಿನಲ್ಲಿದೆ. ನಾನು ಅಳೆದ ಗುಂಡಿಯಲ್ಲಿ ಅಲ್ಲ, ಅದಕ್ಕಿಂತ ಐದು ಮಾರು ಈಚೆ, ಕಾಲುದಾರಿಯ ಬದಿಗೆ. ಇವತ್ತು ಬೆಳಿಗ್ಗೆ ರಾಮನ ಜೊತೆ ಅಲ್ಲಿಗೆ ಹೋಗಿ ಹುಲ್ಲು ಕೆತ್ತಿ ಅಗೆದೆವು. ಒಂದು ಮೊಳದ ಕೆಳಗೆ ಕಲ್ಲು ತುಂಬಿ ಮುಚ್ಚಿದ ಇನ್ನೊಂದು ಗುಂಡಿ ಸಿಕ್ಕಿತು. ಅದೂ ಕಂಬದ್ದೇ.

ಒಂದು ದೀಪಕ್ಕೆ ಎರಡು ಗುಂಡಿ ಯಾಕೆ, ಮಾಸ್ತರೇ?

ನರ್ಮದಾ


ಮಾವಳ್ಳಿ
೩೧ ಅಕ್ಟೋಬರ್ ೧೯೬೩

ಮಾಸ್ತರೇ,

ನಿಮ್ಮ ಉತ್ತರವಿಲ್ಲ. ಮೊನ್ನೆ ಮುಸ್ಸಂಜೆ ರಾಮನ ಪಾತಿಯಲ್ಲಿ ನಾನೇ ಹೋದೆ. ಹೆಂಗಸು ಪಾತಿ ಹತ್ತಿದಳೆಂದು ಕೇರಿಯಲ್ಲಿ ಈಗ ಅದೂ ಒಂದು ಮಾತು. ಇರಲಿ.

ಬಂಡೆಯ ಆಚೆ ನಿಂತು ದಡದ ಕಡೆ ತಿರುಗಿದೆವು. ಜಟಕನ ದೀಪ ಕೆಳಗೆ, ಅದರ ನೆತ್ತಿಗೆ ಸರಿಯಾಗಿ ಇನ್ನೊಂದು. ನಾನು ಚಿಕ್ಕವಳಿದ್ದಾಗ ಕಂಡ ಆಕಾಶದೀಪ ಗಾಳಿಗೆ ಆಡುತ್ತಿತ್ತು. ಇದು ಆಡಲಿಲ್ಲ. ಒಂದೇ ಎತ್ತರದಲ್ಲಿ ತುಸು ಹೊತ್ತು ನಿಲ್ಲುತ್ತಿತ್ತು, ಆಮೇಲೆ ಮೆಲ್ಲಗೆ ಒಂದು ಗೇಣು ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ರಾಮ ನನ್ನ ಕಿವಿಯಲ್ಲಿ, "ಅಕ್ಕಾ, ಅದು ಕಂಬದ ಮೇಲೆ ಇಲ್ಲ. ಯಾರೋ ಕೈಯಲ್ಲಿ ಎತ್ತಿ ಹಿಡ್ಕಂಡಿದಾರೆ, ಕೈ ಸೋತಾಗ ಇಳಿಸ್ತಾರೆ," ಎಂದ. ನನಗೂ ಹಾಗೆಯೇ ಕಂಡಿತ್ತು, ಬಾಯಿಬಿಟ್ಟು ಹೇಳಲು ಧೈರ್ಯವಿರಲಿಲ್ಲ. ನಮ್ಮ ಪಾತಿಯ ಮೂತಿ ಮರಳಿಗೆ ತಾಗಿದ ಕೂಡಲೇ ಅದು ಆರಿತು.

ಭಯವಾಯಿತು. ಆದರೆ ಭಯಕ್ಕಿಂತ ಹೆಚ್ಚಾಗಿ ನನಗೆ ಆ ಎರಡು ಗುಂಡಿಯ ಉತ್ತರ ಬೇಕು. ನೀವು ಬರೆಯದಿದ್ದರೆ ನಾನೇ ಬರೆದುಕೊಳ್ಳುತ್ತೇನೆ. ಬಿಂದುಗಳು ನನ್ನ ಹತ್ತಿರ ಇವೆ.

ನರ್ಮದಾ


ಕುಮಟಾ
೪ ನವೆಂಬರ್ ೧೯೬೩

ನರ್ಮದಾ,

ನಿನ್ನ ಅಳತೆ ಸರಿಯಿತ್ತು. ತಪ್ಪು ಎಂದು ಬರೆದ ನಾನು ಸುಳ್ಳುಗಾರ.

ಕಂಬ ಮೊದಲು ಇದ್ದದ್ದು ನೀನು ಅಗೆದ ಜಾಗದಲ್ಲೇ, ಕಾಲುದಾರಿಯ ಬದಿಗೆ. ನಿನ್ನ ಅವ್ವ ಸುಕ್ರಿ ದಿನಾ ಬೆಳಿಗ್ಗೆ ಮೀನುಬುಟ್ಟಿ ಹೊತ್ತು ಆ ದಾರಿಯಲ್ಲೇ ಪೇಟೆಗೆ ಹೋಗುತ್ತಿದ್ದಳು. ಐವತ್ತೆಂಟನೆಯ ಇಸವಿಯ ಕಾರ್ತಿಕ, ಮೊದಲ ವಾರ. ಬುಟ್ಟಿಯ ನೀರು ಕಂಬದ ಬುಡಕ್ಕೆ ಬಿದ್ದದ್ದನ್ನು ನನ್ನ ತಾಯಿ ನೋಡಿದಳು. "ಮೀನಿನ ನೀರು ಬಿದ್ದಲ್ಲಿ ಪಿತೃಗಳು ಬತ್ವಿಲ್ಲೆ. ಕಂಬ ಆಚೆಗೆ ಹುಗಿ," ಎಂದಳು. ನನಗೆ ಅದರಲ್ಲಿ ನಂಬಿಕೆಯಿರಲಿಲ್ಲ. ಆದರೂ ಮುದುಕಿಯ ಜೊತೆ ಯಾರು ವಾದ ಮಾಡುವುದು ಎಂದು ಸಂಜೆ ಶಾಲೆ ಬಿಟ್ಟು ಬಂದು ಐದು ಮಾರು ಆಚೆ ಹೊಸ ಗುಂಡಿ ತೋಡಿದೆ. ಹಳೆಯದಕ್ಕೆ ಕಲ್ಲು ತುಂಬಿದೆ. ಇನ್ನು ಈ ದಾರಿಯಲ್ಲಿ ಬರಬೇಡ ಎಂದು ಸುಕ್ರಿಗೆ ಹೇಳಿದವನೂ ನಾನೇ. ಹೊತ್ತು ಮುಳುಗುವಾಗ ದೀಪ ಏರಿಸಿದೆ. ಉಳಿದ ದೋಣಿಗಳು ಆಗಲೇ ದಡಕ್ಕೆ ಬಂದಾಗಿತ್ತು. ಹೊರಗಿದ್ದದ್ದು ಕುಪ್ಪನ ದೋಣಿ ಒಂದೇ.

ಆ ಊರಿನಲ್ಲಿ ಹನ್ನೊಂದು ವರ್ಷ ಇದ್ದೆ. ದೀಪ ನಿಮಗೂ ದಾರಿ ಎಂದು ಯಾರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಾವಿನ ಸೂತಕಕ್ಕೆ ಆ ವಾರ ಯಾವ ದೋಣಿಯೂ ಕಡಲಿಗಿಳಿಯಲಿಲ್ಲ. ಮರುವಾರ ಶಾಲೆಯಲ್ಲಿ ಊರಿನ ಚಿತ್ರ ಬರೆಯಿರಿ ಎಂದೆ. ನಿಮ್ಮ ಕೇರಿಯ ಮಕ್ಕಳೆಲ್ಲ ಊರನ್ನು ಕಡಲಿನಿಂದ ನೋಡಿದಂತೆ ಬರೆದಿದ್ದರು. ಪ್ರತಿಯೊಂದು ಪಾಟಿಯಲ್ಲೂ ಜಟಕನ ಗುಡಿ, ಅದರ ನೆತ್ತಿಗೆ ನನ್ನ ದೀಪ. ನಾನು ಗಣಿತದ ಮಾಸ್ತರ, ನರ್ಮದಾ. ಲೆಕ್ಕ ಮಾಡಲು ನನಗೆ ಕಾಗದವೂ ಬೇಕಾಗಲಿಲ್ಲ. ಅವತ್ತೇ ಕಂಬ ಕಿತ್ತು ಹಾಕಿದೆ, ವರ್ಗಕ್ಕೆ ಅರ್ಜಿ ಬರೆದೆ. ಕುಪ್ಪ ಕುಡಿದಿದ್ದನಂತೆ ಎಂದು ಎಲ್ಲರೂ ಹೇಳುವಾಗ ಸುಮ್ಮನಿದ್ದೆ. ಅವನು ಗೆರೆಯನ್ನು ಕೂದಲೆಳೆ ತಪ್ಪದೆ ಹಿಡಿದು ಬಂದಿದ್ದ. ಗೆರೆಯನ್ನೇ ನಾನು ಸರಿಸಿದ್ದೆ.

ಐದು ವರ್ಷದಿಂದ ಕರಿಹಲಗೆಯ ಮೇಲೆ ಎರಡು ಬಿಂದು ಇಟ್ಟರೆ ಸಾಕು, ಮೂರನೆಯದಾಗಿ ಆ ಬಂಡೆ ಕಾಣುತ್ತದೆ. ಈಗ ನೀನು ಬರೆದ ದೀಪವೂ ಕಾಣುತ್ತದೆ.

ಓದಿ ಹರಿದು ಹಾಕು ಎಂದು ಬರೆಯಬೇಕೆಂದಿದ್ದೆ. ಬರೆಯುವುದಿಲ್ಲ. ಕೇರಿಯವರನ್ನು ಕೂರಿಸಿ ಎಲ್ಲರ ಮುಂದೆ ಓದು. ಗಣಪಿಯ ಮುಂದೆ ಓದು.

ಮಹಾಗಣಪತಿ ವಿಘ್ನೇಶ್ವರ ಹೆಗಡೆ


ಮಾವಳ್ಳಿ
೮ ನವೆಂಬರ್ ೧೯೬೩

ಮಾಸ್ತರೇ,

ನಿನ್ನೆ ಜಟಕನ ಗುಡಿಯ ಮುಂದೆ ಓದಿದೆ. ಮಣ್ಣಿನ ಮೇಲೆ ಎರಡೂ ಗೆರೆ ಎಳೆದು ತೋರಿಸಿದೆ. ಸಮೀಕರಣ ಅವರಿಗೆ ಬೇಕಾಗಲಿಲ್ಲ. ಐದು ಮಾರು ಎಂದ ಕೂಡಲೇ ದುರ್ಗಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. "ಕುಪ್ಪ ಸರೀ ಬಂದಿದ್ದ," ಎಂದು ಮೂರು ಸಲ ಹೇಳಿದ.

ಅವ್ವ ಗುಡ್ಡದ ಕಡೆ ತಿರುಗಿದಳು. ಆಮೇಲೆ, "ದೊಡ್ಡವರ ಅಂಗಳ, ದೊಡ್ಡವರ ಮಾತು ಅಂತ ಐದು ವರ್ಷ ಗುಡ್ಡ ಸುತ್ತಿ ಸುತ್ತಿ ಹೋದೆ. ಒಂದು ಬುಟ್ಟಿ ನೀರಿಗೆ ಮೂರು ಜೀವ ಹೋದ್ವಾ?" ಎಂದಳು. ಗಣಪಿ ಎದ್ದು ಹೋದಳು. ಇವತ್ತು ಬೆಳಿಗ್ಗೆ ಪೇಟೆಯಲ್ಲಿ ಅವ್ವ ಬುಟ್ಟಿ ಇಳಿಸಿದಾಗ ಗಣಪಿ ಅಲ್ಲೇ ಕೂತಿದ್ದಳಂತೆ. ತನ್ನ ಬುಟ್ಟಿಯನ್ನು ಎತ್ತಲಿಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿದೆ. ಅದು ಇಳಿಯುತ್ತದೋ ಇಲ್ಲವೋ ತಿಳಿಯದು. ಆದರೂ ಗುರು ನೀವೇ. ನೀವು ಕಲಿಸದಿದ್ದರೆ ನಿಮ್ಮನ್ನು ಹಿಡಿಯಲು ನನಗೆ ಬರುತ್ತಿರಲಿಲ್ಲ.

ಅಮಾವಾಸ್ಯೆಗೆ ಇನ್ನು ಎಂಟು ದಿನ. ನೀವು ಬಂದು ನಿಮ್ಮ ಕೈಯಾರೆ ಹಳೆಯ ಗುಂಡಿಯಲ್ಲಿ ಕಂಬ ನೆಡಬೇಕು. ನಿನ್ನೆಯೂ ದೀಪ ಕಂಡಿತಂತೆ, ಆದರೆ ಬಹಳ ಕೆಳಗೆ. ಹಿಡಿದವರ ಕೈ ಸೋತಿದೆ, ಮಾಸ್ತರೇ. ಬೇಗ ಬನ್ನಿ.

ನರ್ಮದಾ


ಕುಮಟಾ
೧೮ ನವೆಂಬರ್ ೧೯೬೩

ನರ್ಮದಾ,

ಸುಖವಾಗಿ ತಲುಪಿದೆ. ಹೊನ್ನಾವರದಲ್ಲಿ ಹೊಳೆ ದಾಟಲು ಮಾತ್ರ ಅರ್ಧ ದಿನ ಕಾದೆ.

ನಾನು ಬಂದಾಗ ಕೇರಿಯವರು ಕಲ್ಲು ಹೊಡೆದಿದ್ದರೂ ತಪ್ಪಿರಲಿಲ್ಲ. ಅದರ ಬದಲು ಬಿದಿರು ಕಡಿದುಕೊಟ್ಟರು. ನಿನ್ನ ಅವ್ವ ಮರುದಿನ ಬೆಳಿಗ್ಗೆ ಬುಟ್ಟಿ ಹೊತ್ತು ಕಂಬದ ಬುಡದಲ್ಲೇ ಹಾದುಹೋದಳು. ನನ್ನನ್ನು ನೋಡಲಿಲ್ಲ. ಮೀನಿನ ನೀರು ಕಂಬದ ಬುಡಕ್ಕೆ ಬಿತ್ತು. ನಾನು ಅಲ್ಲೇ ನಿಂತು ನೋಡಿದೆ. ನಾಲ್ಕು ಸಂಜೆ ದೀಪ ಏರಿಸಿದೆ. ಈಗ ದೀಪ ಗಾಳಿಗೆ ಆಡುತ್ತದೆ, ಹಿಂದಿನಂತೆಯೇ ಎಂದು ದುರ್ಗಪ್ಪ ಬಂದು ಹೇಳಿದ. ಅದನ್ನು ಕೇಳಿ ಅತ್ತೆ.

ಒಂದು ಮಾತನ್ನು ಅಲ್ಲಿ ಕೇಳಲಿಲ್ಲ. ಬತ್ತಿಗಳನ್ನು ನಾನೇ ಹತ್ತಿಯಿಂದ ಹೊಸೆದು ಇಡುತ್ತಿದ್ದೆ. ಕಡೆಯ ಬೆಳಿಗ್ಗೆ ದೀಪ ಇಳಿಸಿದಾಗ ಎಣ್ಣೆ ಪೂರ್ತಿ ತೀರಿತ್ತು, ಆದರೂ ಬತ್ತಿ ಉರಿಯುತ್ತಿತ್ತು. ಆರಿಸಿ ನೋಡಿದೆ. ನಾನಿಟ್ಟ ಹತ್ತಿಯ ಬತ್ತಿ ಅಲ್ಲ. ಬಲೆಯ ನೂಲು, ಬೆರಳುದ್ದ, ಮುಟ್ಟಿದರೆ ಉಪ್ಪು ಹತ್ತುತ್ತದೆ. ಎಡಮುರಿಯಾಗಿ ಹೊಸೆದಿದೆ. ನೀನು ಹಗ್ಗದ ಬಗ್ಗೆ ಬರೆದದ್ದು ನೆನಪಿದೆ. ನಾನಾಗಿ ಏನನ್ನೂ ಊಹಿಸಲು ಹೋಗುವುದಿಲ್ಲ. ರಾಮನೋ ನಿನ್ನ ಅವ್ವನೋ ಬದಲಿಸಿರಬಹುದು. ಕೇಳಿ ಬರೆ. ಅರ್ಧ ಉರಿದ ಆ ಬತ್ತಿಯನ್ನು ಕಾಗದದಲ್ಲಿ ಸುತ್ತಿ ಇಟ್ಟುಕೊಂಡಿದ್ದೇನೆ. ಎಸೆಯಲು ಮನಸ್ಸು ಬರಲಿಲ್ಲ.

ಇದರ ಜೊತೆ ಹತ್ತು ಲೆಕ್ಕ ಕಳಿಸಿದ್ದೇನೆ. ಬಿಡಬೇಡ.

ಮ. ವಿ. ಹೆಗಡೆ


ಮಾವಳ್ಳಿ
೨೩ ನವೆಂಬರ್ ೧೯೬೩

ಮಾಸ್ತರೇ,

ಹತ್ತು ಲೆಕ್ಕವೂ ಮಾಡಿದೆ, ಒಂಬತ್ತು ಸರಿ ಇರಬೇಕು. ರಾಮ ಇವತ್ತು ದುರ್ಗಪ್ಪನ ದೋಣಿ ಹತ್ತಿದ.

ರಾಮನನ್ನು ಕೇಳಿದೆ, ಅವ್ವನನ್ನೂ ಕೇಳಿದೆ. ಇಬ್ಬರೂ ಆ ದೀಪವನ್ನು ಮುಟ್ಟಿಲ್ಲ. ಇಬ್ಬರಿಗೂ ಎಡಮುರಿ ಬರುವುದಿಲ್ಲ, ನನಗೂ ಬರುವುದಿಲ್ಲ. ನಿಮ್ಮ ಪತ್ರ ಓದಿ ಹೇಳಿದಾಗ ಅವ್ವ ಅಳಲಿಲ್ಲ, ಹೆದರಲೂ ಇಲ್ಲ. ಎದ್ದು ಹೋಗಿ ಮಿಂದು ಬಂದಳು. ಐದು ವರ್ಷದ ಹಿಂದೆ ಉಳಿದಿಬ್ಬರ ಚಿತೆ ಉರಿಯುವಾಗ ಅವಳಿಗೆ ಸುಡಲು ಏನೂ ಸಿಕ್ಕಿರಲಿಲ್ಲ.

ಆ ಬತ್ತಿಯನ್ನು ಜೋಪಾನವಾಗಿ ಕಳಿಸಿಕೊಡಿ. ಅವ್ವ ಕೇಳುತ್ತಿದ್ದಾಳೆ.

ನರ್ಮದಾ ಕುಪ್ಪ ಮೊಗೇರ